ಮಂಚಕ್ಕೆ ವಿಮೆ, ಸೂಜಿಗೆ ಸಾಲ

(ತಾಲ್ಲೂಕು ರೈತರ ಸಭೆಯಲ್ಲಿ ನಿವೃತ್ತ ಲ್ಯಾಬ್ ಟೆಕ್ನೀಷಿಯನ್ ಒಬ್ಬರು ಆಡಿದ ಮಾತುಗಳ ಬರಹರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಮಾತಿನ ನಡುವೆಯೇ ಉಳಿಸಿಕೊಳ್ಳಲಾಗಿದೆ.)



ಈ ಸಭೆಯಲ್ಲಿ ಸಾಮಾನ್ಯವಾಗಿ ರಾಗಿ ಬೆಲೆ, ಗೂಡಿನ ಬೆಲೆ, ಸೊಸೈಟಿ ಸಾಲ, ಬ್ಯಾಂಕಿನ ನೋಟೀಸು, ಇವುಗಳ ಮಾತು ನಡೆಯುತ್ತದೆ. ರಕ್ತ ತೆಗೆಯುವವನನ್ನು ಯಾಕಪ್ಪ ಕರೆಸಿದ್ರು ಅಂತ ನಿಮ್ಮಲ್ಲಿ ಕೆಲವರು ಮುಖಮುಖ ನೋಡಿಕೊಂಡದ್ದನ್ನು ನಾನು ಕಂಡೆ. ತಪ್ಪೇನಿಲ್ಲ. ನಾನೂ ರೈತನ ಮಗನೇ. ಎರಡೆಕರೆ ಖುಷ್ಕಿ, ಒಂದು ಹಿಪ್ಪುನೇರಳೆ ತೋಟ, ಇಷ್ಟರಲ್ಲೇ ಬೆಳೆದವನು. ಆಮೇಲೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಶಾಲೆಯಲ್ಲಿ ಸೂಜಿ ಹಿಡಿದೆ. ಎಷ್ಟು ಸಾವಿರ ಜನರ ತೋಳು ಮುಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ತೋಳು ಚಾಚುವಾಗ ನಮ್ಮವರು ಸೂಜಿಗೆ ಹೆದರೋದು ಕಡಿಮೆ. 'ಎಷ್ಟಾಗುತ್ತೆ ಸಾಮಿ' ಅಂತ ಕೇಳೋವಾಗ ಹೆದರೋದೇ ಹೆಚ್ಚು.

ಇವತ್ತಿನ ವಿಷಯ ಅದೇ. ವಿಮೆ ಬಂದಿದೆ, ಕಾರ್ಡು ಬಂದಿದೆ, ಐದು ಲಕ್ಷದವರೆಗೆ ಚಿಕಿತ್ಸೆ ಅಂತ ಗೋಡೆ ಗೋಡೆ ಮೇಲೆ ಬರೆದಿದ್ದಾರೆ. ಹಾಗಿದ್ದರೂ ಒಂದು ಸಕ್ಕರೆ ಪರೀಕ್ಷೆಗೆ, ಒಂದು ಕಿಡ್ನಿ ಪರೀಕ್ಷೆಗೆ ನಾವು ಯಾಕೆ ಜೇಬು ತಡಕಾಡಬೇಕು? ವಿಮೆಯ ಹಣ ಎಲ್ಲಿಂದ ಶುರುವಾಗುತ್ತೆ, ಎಲ್ಲಿಗೆ ನಿಲ್ಲುತ್ತೆ? ಇಪ್ಪತ್ತು ವರ್ಷದಲ್ಲಿ ಇದು ಹೇಗೆ ಬದಲಾಯಿತು? ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಹೇಳ್ತೀನಿ.

ಮೊದಲು ನಮ್ಮ ಮನೆಯ ಕಥೆ. ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, 2024ರ ಬೇಸಿಗೆಯಲ್ಲಿ ಹೊಟ್ಟೆನೋವು ಅಂತ ಮಲಗಿದರು. ಪಿತ್ತಕೋಶದಲ್ಲಿ ಕಲ್ಲು. ಬಿಪಿಎಲ್ ಕಾರ್ಡು ಇದೆ, ಆಯುಷ್ಮಾನ್ ಕಾರ್ಡೂ ಇದೆ. ಸರ್ಕಾರಿ ಆಸ್ಪತ್ರೆಯವರು ಪಟ್ಟಣದ ಒಂದು ಆಸ್ಪತ್ರೆಗೆ ರೆಫರಲ್ ಚೀಟಿ ಬರೆದುಕೊಟ್ಟರು. ಆ ಆಸ್ಪತ್ರೆಯ ಹೆಸರು ಬೇಡ, ಹೆಸರು ಹೇಳಿ ಆಗಬೇಕಾದ್ದೇನೂ ಇಲ್ಲ. ಅಲ್ಲಿ ಹೇಳಿದರು: 'ಆಪರೇಷನ್ ಪೂರ್ತಿ ಉಚಿತ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟು ಇಲ್ಲದೆ ವಿಮೆಯವರು ಅನುಮತಿ ಕೊಡೋದಿಲ್ಲ.' ಸರಿ, ಮಾಡಿಸಿದರು. ರಕ್ತದ ಕಣಗಳ ಎಣಿಕೆ, ಸಕ್ಕರೆ, ಕ್ರಿಯಾಟಿನಿನ್, ಲಿವರ್, ಹೆಪ್ಪುಗಟ್ಟುವ ಪರೀಕ್ಷೆ, ಕಾಮಾಲೆಯದು, ಎಚ್‌ಐವಿ. ಬಿಲ್ಲು 2,440 ರೂಪಾಯಿ. ತಾಲ್ಲೂಕು ಆಸ್ಪತ್ರೆಯ ರಿಪೋರ್ಟು ಕೈಯಲ್ಲಿ ಸ್ವಲ್ಪ ಇತ್ತು. ಹೊರಗಿನ ರಿಪೋರ್ಟು ಒಪ್ಪೋದಿಲ್ಲ, ನಮ್ಮ ಲ್ಯಾಬಿನದ್ದೇ ಆಗಬೇಕು ಅಂದರು.

ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದು ಗೊತ್ತಾಯಿತು. ಅಲ್ಲಿಯವರೆಗೆ ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 'ಇಷ್ಟು ಸಕ್ಕರೆ ಇಟ್ಟುಕೊಂಡು ಕತ್ತರಿ ಹಾಕೋಕಾಗಲ್ಲ, ಎರಡು ತಿಂಗಳು ಮಾತ್ರೆ ತಗೊಂಡು ಬನ್ನಿ' ಅಂದರು ಡಾಕ್ಟರು. ಅದು ಸರಿಯಾದ ಮಾತೇ. ಎರಡು ತಿಂಗಳಾದ ಮೇಲೆ ಮತ್ತೆ ಹೋದರು. ಹಳೇ ರಿಪೋರ್ಟು ನಡೆಯೋದಿಲ್ಲ, ಇನ್ನೊಂದು ಸಾರಿ ಮಾಡಿಸಿ. 2,110 ರೂಪಾಯಿ. ಇದಾದ ಒಂದು ವಾರಕ್ಕೆ ದಾಖಲಾತಿ, ಆಪರೇಷನ್, ಮೂರನೇ ದಿನ ಮನೆಗೆ. ಆಪರೇಷನ್ನಿಗೆ ಒಂದು ಪೈಸೆಯನ್ನೂ ಕೇಳಲಿಲ್ಲ. ಇದನ್ನು ಮುಚ್ಚಿಡಬಾರದು, ಹೇಳಲೇಬೇಕು.

ಈಗ ಲೆಕ್ಕ ನೋಡಿ. ಎರಡು ಬಿಲ್ಲು ಸೇರಿ 4,550. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290. ಅಂದರೆ ಒಂದು ಕ್ವಿಂಟಲ್ ರಾಗಿ ರಕ್ತದ ಬಾಟಲಿಗೆ ಸುರಿದ ಮೇಲೂ 260 ರೂಪಾಯಿ ಬಾಕಿ. ಬಸ್ಸು, ಊಟ, ಜೊತೆಗೆ ಹೋದ ಮಗನ ಕೂಲಿ ನಾನು ಸೇರಿಸಿಲ್ಲ. ಅಕ್ಕ ಊರಲ್ಲೇ 5,000 ಕೈಸಾಲ ತಂದಳು, ನೂರಕ್ಕೆ ಮೂರರ ಬಡ್ಡಿ. ತಿಂಗಳಿಗೆ 150. ಹದಿನಾಲ್ಕು ತಿಂಗಳು ಬಡ್ಡಿ ಕಟ್ಟಿದಳು. 2,100 ಆಯಿತು. ಇನ್ನೊಂದು ಸಾರಿ ರಕ್ತ ಕೊಟ್ಟ ಹಾಗೆಯೇ ಆಯಿತಲ್ಲ! ಅಸಲು ತೀರಿದ್ದು ಎಮ್ಮೆ ಕರು ಮಾರಿದ ಮೇಲೆ.

ಪುಕ್ಕಟೆ ಆಪರೇಷನ್ನಿಗೆ ಎಮ್ಮೆ ಕರು ಯಾಕೆ ಹೋಯಿತು? ಆಸ್ಪತ್ರೆಯವರು ಮೋಸ ಮಾಡಿದರೆ? ಹಾಗೇ ಅಂದುಕೊಂಡು ನಾನೂ ಸಿಟ್ಟಲ್ಲಿ ಹೋಗಿ ವಿಚಾರಿಸಿದೆ. ಅಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ನಿಯಮ ತೋರಿಸಿದರು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆಗೆ ದಾಖಲಾಗುವ ಹಿಂದಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನದ ಪರೀಕ್ಷೆ, ಔಷಧಿ ಪ್ಯಾಕೇಜಿನೊಳಗೇ ಬರುತ್ತವೆ. ಮೊದಲನೇ ಸಾರಿ ಭಾವ ದಾಖಲೇ ಆಗಲಿಲ್ಲ. ದಾಖಲಾಗದೆ ಇದ್ದವನಿಗೆ ಪ್ಯಾಕೇಜೇ ಇಲ್ಲ, ಪ್ಯಾಕೇಜು ಇಲ್ಲದ ಮೇಲೆ ಅದರೊಳಗಿನ ಪರೀಕ್ಷೆ ಎಲ್ಲಿಂದ ಬರಬೇಕು? ಎರಡನೇ ಸಾರಿ ರಕ್ತ ಕೊಟ್ಟದ್ದು ಏಳು ದಿನ ಮುಂಚೆ. ಮೂರು ದಿನದ ಗೆರೆ ದಾಟಿ ಹೋಗಿತ್ತು. ಅನುಮತಿಗೆ ರಿಪೋರ್ಟು ಬೇಕು, ರಿಪೋರ್ಟು ಬಂದು ಅನುಮತಿ ಸಿಕ್ಕು ಮಂಚ ಖಾಲಿಯಾಗುವಷ್ಟರಲ್ಲಿ ವಾರ ಕಳೆಯುತ್ತೆ. ಮೋಸ ಅನ್ನುವುದಕ್ಕೆ ಬರಲಿಲ್ಲ. ಗೆರೆ ಎಳೆದ ಜಾಗವೇ ಹಾಗಿದೆ.

ಆ ಗೆರೆ ಎಲ್ಲೆಲ್ಲಿ ಇತ್ತು, ಹೇಗೆ ಸರಿಯಿತು ಅನ್ನುವುದನ್ನು ಸ್ವಲ್ಪ ನೋಡೋಣ. ನಮ್ಮ ರಾಜ್ಯದ ರೈತರಿಗೆ ಮೊದಲು ಪರಿಚಯವಾದ ದೊಡ್ಡ ವಿಮೆ ಯಶಸ್ವಿನಿ. 2002ರಲ್ಲಿ ಘೋಷಣೆಯಾಗಿ 2003ರ ಜೂನ್‌ನಿಂದ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೇರಿಯಲ್ಲಿ ಹೆಸರು ಬರೆಸಿದ್ದು ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರಬೇಕು. ಅದು ಶಸ್ತ್ರಚಿಕಿತ್ಸೆಗೆ ಇದ್ದ ಯೋಜನೆ. ಆದರೂ ಅದರಲ್ಲಿ ಒಂದು ಒಳ್ಳೆಯ ಅಂಶವಿತ್ತು. ಪಟ್ಟಿಯಲ್ಲಿದ್ದ ಆಸ್ಪತ್ರೆಗಳಲ್ಲಿ ಹೊರರೋಗಿಯಾಗಿ ಡಾಕ್ಟರನ್ನು ಪುಕ್ಕಟೆ ನೋಡಬಹುದಿತ್ತು, ಪರೀಕ್ಷೆಗಳಿಗೆ ರಿಯಾಯಿತಿ ದರ ಇತ್ತು. ಪೂರ್ತಿ ಅಲ್ಲ, ರಿಯಾಯಿತಿ. ಅಷ್ಟರಮಟ್ಟಿಗೆ ಸೂಜಿಯನ್ನು ನೆನೆಸಿಕೊಂಡಿದ್ದರು.

2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಬಂತು. 30 ರೂಪಾಯಿ ಕೊಟ್ಟು ಹೆಸರು ಬರೆಸಿದರೆ ಐದು ಜನರ ಸಂಸಾರಕ್ಕೆ ವರ್ಷಕ್ಕೆ 30,000. ಅದರಲ್ಲಿ ದಾಖಲಾಗುವ ಮುಂಚಿನ 1 ದಿನ, ಬಿಡುಗಡೆಯ ಮೇಲೆ 5 ದಿನ. 2018ರಲ್ಲಿ ನಮ್ಮಲ್ಲಿ ಎಲ್ಲವನ್ನೂ ಕೂಡಿಸಿ ಆರೋಗ್ಯ ಕರ್ನಾಟಕ ಮಾಡಿದರು, ಯಶಸ್ವಿನಿಯೂ ಆ ವರ್ಷ ನಿಂತಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತವೂ ಬಂದು ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಹಕಾರಿಗಳು ಒತ್ತಾಯ ಮಾಡಿ ಮಾಡಿ ಯಶಸ್ವಿನಿ ಮತ್ತೆ ಬಂತು, 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ಮಿತಿ.

ನೋಡಿ, 30,000 ಇದ್ದದ್ದು 5 ಲಕ್ಷ ಆಯಿತು. ಹದಿನಾರು ಪಟ್ಟಿಗೂ ಮೇಲೆ. ಆದರೆ ಮಂಚ ಹತ್ತುವ ಮುಂಚಿನ ದಿನ? 1 ಇದ್ದದ್ದು 3 ಆಯಿತು. ಹತ್ತು ವರ್ಷದಲ್ಲಿ ಎರಡು ದಿನ.

'ಖಾಸಗಿ ಪಾಲಿಸಿ ತಗೊಂಡರೆ?' ಅಂತ ಅಲ್ಲೊಬ್ಬರು ಕೇಳ್ತಿದ್ದಾರೆ. ಹೇಳ್ತೀನಿ. ವಿಮಾ ನಿಯಂತ್ರಣ ಪ್ರಾಧಿಕಾರದವರು 2020ರಲ್ಲಿ ಎಲ್ಲ ಕಂಪನಿಗಳೂ ಒಂದೇ ಥರ ಮಾರಬೇಕಾದ 'ಆರೋಗ್ಯ ಸಂಜೀವನಿ' ಅನ್ನೋ ಪಾಲಿಸಿ ತಂದರು. ಅದರಲ್ಲಿ ದಾಖಲಾತಿಯ ಹಿಂದಿನ 30 ದಿನ, ಬಿಡುಗಡೆಯ ಮುಂದಿನ 60 ದಿನದ ಖರ್ಚು ಬರುತ್ತೆ, ಶೇ. 5 ನಾವು ಹಾಕಬೇಕು. ದಿನಗಳು ಜಾಸ್ತಿ, ನಿಜ. ಆದರೆ ಅಲ್ಲೂ ದಾಖಲಾತಿ ಆಗಲೇಬೇಕು. ಆಸ್ಪತ್ರೆ ಮೆಟ್ಟಿಲು ಹತ್ತಿ, ರಕ್ತ ಕೊಟ್ಟು, ಮಾತ್ರೆ ಬರೆಸಿಕೊಂಡು ಮನೆಗೆ ಬಂದರೆ ಚಿಕ್ಕಾಸೂ ಇಲ್ಲ. ಹಾಗಾದರೆ ಒಂದು ದಿನ ಸುಮ್ಮನೆ ದಾಖಲಾಗಿಬಿಡೋಣ ಅಂತ ಜಾಣರು ಯೋಚನೆ ಮಾಡ್ತಾರಲ್ಲ, ಅದಕ್ಕೂ ಬಾಗಿಲು ಹಾಕಿದ್ದಾರೆ. 2019ರಲ್ಲಿ ಪ್ರಾಧಿಕಾರ ಎಲ್ಲ ಪಾಲಿಸಿಗಳಿಗೂ ಒಂದೇ ಮಾತಿನ ಹೊರಗಿಡುವ ಷರತ್ತುಗಳನ್ನು ಬರೆದುಕೊಟ್ಟಿತು. ಅದರಲ್ಲಿ ನಾಲ್ಕನೆಯ ಸಂಖ್ಯೆಯದು ಇದೇ: ಮುಖ್ಯವಾಗಿ ಪರೀಕ್ಷೆ ಮತ್ತು ತಪಾಸಣೆಗೆಂದೇ ದಾಖಲಾದರೆ ಆ ಖರ್ಚು ಕೊಡೋದಿಲ್ಲ. ಏಜೆಂಟರು ಪಾಲಿಸಿ ಮಾರುವಾಗ ಈ ಸಾಲನ್ನು ಓದಿ ಹೇಳೋದು ನಾನಂತೂ ಕಂಡಿಲ್ಲ. ಯಾರಾದರೂ ಪಾಲಿಸಿ ತಗೊಂಡಿದ್ದರೆ ಇವತ್ತು ರಾತ್ರಿ ಮಕ್ಕಳ ಕೈಲಿ ಓದಿಸಿ.

ವಿಮೆಯವರಿಗೂ ಒಂದು ವಾದ ಇದೆ, ಅದನ್ನು ನಾವು ಕೇಳಬೇಕು. ಅವರು ಹೇಳ್ತಾರೆ: ವಿಮೆ ಅನ್ನೋದು ಗುಡುಗು ಸಿಡಿಲಿಗೆ, ದಿನಾ ಬೀಳೋ ಬಿಸಿಲಿಗಲ್ಲ. ಯಾವಾಗಲೋ ಯಾರಿಗೋ ಬರುವ ದೊಡ್ಡ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬಹುದು. ಎಲ್ಲರಿಗೂ ತಪ್ಪದೆ ಬರುವ ಸಣ್ಣ ಖರ್ಚನ್ನು ಸೇರಿಸಿದರೆ ಆ ಹಣವನ್ನೇ ವಂತಿಗೆಯಲ್ಲಿ ಕೇಳಬೇಕಾಗುತ್ತೆ, ಮೇಲೆ ಆಫೀಸಿನ ಖರ್ಚು ಬೇರೆ. ಈ ವಾದದಲ್ಲಿ ಅರ್ಧ ಸತ್ಯ ಇದೆ. ನಾನು ಒಪ್ಪುತ್ತೇನೆ. ಇನ್ನರ್ಧ ಏನು ಅಂದರೆ, ನೂರಾರು ರೂಪಾಯಿಯ ಸಣ್ಣ ಪರೀಕ್ಷೆ ತಪ್ಪಿದ್ದಕ್ಕೇ ಲಕ್ಷದ ದೊಡ್ಡ ಖರ್ಚು ಹುಟ್ಟುತ್ತೆ. ಸಿಡಿಲು ಮೇಲಿಂದ ಬೀಳುತ್ತೆ. ಕಿಡ್ನಿ ರೋಗ ಹಾಗೆ ಬೀಳೋದಿಲ್ಲ, ಒಳಗೇ ಬೆಳೆಯುತ್ತೆ.

ಸಕ್ಕರೆ ಕಾಯಿಲೆ ಇರುವವನು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಎಚ್‌ಬಿಎ1ಸಿ ಅನ್ನೋ ಪರೀಕ್ಷೆ ಮಾಡಿಸಬೇಕು. ಹಿಂದಿನ ಎರಡು ಮೂರು ತಿಂಗಳು ಸಕ್ಕರೆ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮುದ್ದೆ ಬಿಟ್ಟು ಹೋದರೆ ಅದಕ್ಕೆ ಮೋಸ ಮಾಡೋಕಾಗಲ್ಲ! ವರ್ಷಕ್ಕೊಂದು ಸಾರಿಯಾದರೂ ಕ್ರಿಯಾಟಿನಿನ್ ನೋಡಬೇಕು, ಮೂತ್ರದಲ್ಲಿ ಪ್ರೋಟೀನು ಹೋಗ್ತಿದೆಯೇ ನೋಡಬೇಕು. ಕಿಡ್ನಿ ಕೆಡುವಾಗ ನೋವು ಕೊಡೋದಿಲ್ಲ. ಕಾಲು ಊದಿಕೊಂಡು, ಉಸಿರು ಕಟ್ಟಿ ಬರುವಷ್ಟರಲ್ಲಿ ಬಹುಪಾಲು ಹೋಗಿರುತ್ತೆ. ಆಗ ಡಯಾಲಿಸಿಸ್. ಅದಕ್ಕೆ 2016ರಲ್ಲಿ ಕೇಂದ್ರದವರು ರಾಷ್ಟ್ರೀಯ ಕಾರ್ಯಕ್ರಮವನ್ನೇ ತಂದು ಬಡವರಿಗೆ ಉಚಿತ ಮಾಡಿದರು. ಒಳ್ಳೆಯದೇ ಮಾಡಿದರು, ಅದರಿಂದ ಜೀವ ಉಳಿದವರನ್ನು ನಾನು ನೋಡಿದ್ದೇನೆ. ಆದರೆ ವಾರಕ್ಕೆ ಎರಡು ಮೂರು ಸಾರಿ ಯಂತ್ರಕ್ಕೆ ಒಡ್ಡಿಕೊಳ್ಳುವ ಮನುಷ್ಯ ಹೊಲ ಉಳೋದು ಹೇಗೆ? ಯಂತ್ರದ ಹಣ ಸರ್ಕಾರ ಕೊಡುತ್ತೆ. ಹೊಲ ಗುತ್ತಿಗೆಗೆ ಹೋಗುತ್ತೆ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಕೆಲಸದಲ್ಲಿದ್ದಾಗ ತಿಂಗಳುಗಟ್ಟಲೆ ಕ್ರಿಯಾಟಿನಿನ್ ಪರೀಕ್ಷೆಯ ರಾಸಾಯನಿಕ ಇರುತ್ತಿರಲಿಲ್ಲ. ಇಂಡೆಂಟು ಕಳಿಸುತ್ತಿದ್ದೆವು, ಬರುತ್ತಿರಲಿಲ್ಲ. ಬಂದವರಿಗೆ 'ಹೊರಗಡೆ ಮಾಡಿಸಿ' ಅಂತ ಚೀಟಿ ಬರೆಯುತ್ತಿದ್ದೆ. ಒಬ್ಬ ಮುದುಕ, ನಮ್ಮ ಕಡೆಯವನೇ, ಮೂರು ಸಾರಿ ಬಂದ. ಮೂರು ಸಾರಿಯೂ ಚೀಟಿ ಬರೆದೆ. ನಾಲ್ಕನೇ ಸಾರಿ ಅವನ ಮಗ ಬಂದ, ಅಪ್ಪನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದೀವಿ, ಕಿಡ್ನಿ ಹೋಗಿದೆ ಅಂದ. ಆ ಮೂರು ಚೀಟಿಯನ್ನೂ ಮುದುಕ ಮಡಿಸಿ ತಲೆದಿಂಬಿನ ಕೆಳಗೆ ಇಟ್ಟಿದ್ದನಂತೆ, ಗೂಡು ಮಾರಿದ ಮೇಲೆ ಮಾಡಿಸೋಣ ಅಂತ. ಗೂಡಿನ ಬೆಲೆ ಆ ಸಾರಿ ಬಿದ್ದಿತ್ತು.

ಈಗ ಬೆಲೆಯ ಮಾತಿಗೆ ಬರೋಣ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಸಕ್ಕರೆ ಪರೀಕ್ಷೆಗೆ ಹಾಕುವ ರಾಸಾಯನಿಕಕ್ಕೆ ಬೀಳೋದು ಕೆಲವೇ ರೂಪಾಯಿ. ಮಿಕ್ಕದ್ದು ಯಂತ್ರ, ಕರೆಂಟು, ಸಂಬಳ, ಬಾಡಿಗೆ. ಯಂತ್ರದ ವಿಷಯ ಹೇಳ್ತೀನಿ ಕೇಳಿ. ಎಷ್ಟೋ ಲ್ಯಾಬುಗಳು ಯಂತ್ರವನ್ನು ಹಣ ಕೊಟ್ಟು ಕೊಂಡಿರೋದಿಲ್ಲ. ಕಂಪನಿಯವರು ಯಂತ್ರ ತಂದಿಟ್ಟು ಹೋಗ್ತಾರೆ, ಷರತ್ತು ಏನೆಂದರೆ ರಾಸಾಯನಿಕವನ್ನು ತಮ್ಮಲ್ಲೇ, ತಿಂಗಳಿಗೆ ಇಷ್ಟು ಅಂತ ಕೊಳ್ಳಬೇಕು. ಮಂಡಿ ಸಾವ್ಕಾರ ಮುಂಗಡ ಕೊಟ್ಟು ಫಸಲು ಕಟ್ಟಿಕೊಳ್ಳೋ ಥರವೇ. ಇಷ್ಟು ಅಂತ ಕೊಂಡ ಮೇಲೆ ಅಷ್ಟು ಪರೀಕ್ಷೆ ಮಾಡಲೇಬೇಕಲ್ಲ! ಹಾಗಾಗಿ ಬೇಕಾದ್ದೂ ಬೇಡದ್ದೂ ಸೇರಿ 'ಪ್ಯಾಕೇಜು' ಆಗುತ್ತೆ. ಅದರ ಮೇಲೆ ಕಳಿಸಿದ ಡಾಕ್ಟರಿಗೆ ಕಮಿಷನ್ನು ಕೊಡುವ ಲ್ಯಾಬುಗಳಿವೆ. ಎಲ್ಲರೂ ಅಲ್ಲ, ಆದರೆ ಇವೆ. ವೈದ್ಯರ ನಡತೆಯ ನಿಯಮ 2002ರಲ್ಲೇ ಇದನ್ನು ನಿಷೇಧ ಮಾಡಿದೆ. ಎಪಿಎಂಸಿಯಲ್ಲಿ ರೈತರಿಂದ ಕಮಿಷನ್ ಹಿಡಿಯಬಾರದು ಅಂತಲೂ ನಿಯಮ ಇದೆಯಲ್ಲ, ಅದೇ ಥರ.

ಹಾಗಾದರೆ ರಕ್ತ ಪರೀಕ್ಷೆಗೆ ಸರ್ಕಾರ ಬೆಲೆ ಕಟ್ಟೋಕೆ ಬರೋದೇ ಇಲ್ಲವೆ? ಬರುತ್ತೆ. ಕಟ್ಟಿದೆ ಕೂಡ. ಕೇಂದ್ರ ಸರ್ಕಾರದ ನೌಕರರಿಗೆ ಮತ್ತು ಪಿಂಚಣಿದಾರರಿಗೆ 1954ರಿಂದ ಸಿಜಿಎಚ್‌ಎಸ್ ಅನ್ನೋ ಯೋಜನೆ ಇದೆ. ಅದರಲ್ಲಿ ಒಂದೊಂದು ಪರೀಕ್ಷೆಗೂ ದರ ಇದೆ. ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದು, ಪಡೆಯದ್ದಕ್ಕೆ ಇನ್ನೊಂದು. 2014ರ ದರಗಳೇ ಬಹುಮಟ್ಟಿಗೆ ಹತ್ತು ವರ್ಷ ನಡೆದುಕೊಂಡು ಬಂದವು, ಸಾಲದು ಸಾಲದು ಅಂತ ಆಸ್ಪತ್ರೆಗಳು ಗಲಾಟೆ ಮಾಡಿದವು, 2025ರ ಅಕ್ಟೋಬರ್ 13ರಿಂದ ದೊಡ್ಡದಾಗಿ ಪರಿಷ್ಕರಣೆ ಆಯಿತು. ಅಲ್ಲಿ ಹೊರರೋಗಿಗೂ ಪರೀಕ್ಷೆ ಸಿಗುತ್ತೆ, ಮಂಚ ಹತ್ತಬೇಕಾಗಿಲ್ಲ. ಕಾರ್ಖಾನೆ ಕಾರ್ಮಿಕರಿಗೆ 1948ರ ಕಾನೂನಿನಿಂದ ಹುಟ್ಟಿದ ಇಎಸ್‌ಐ ಇದೆ. ಅಲ್ಲೂ ಔಷಧಿ, ಪರೀಕ್ಷೆ, ಹೊರರೋಗಿ ಚಿಕಿತ್ಸೆ ಎಲ್ಲ ಸೇರಿದೆ. 2019ರ ಜುಲೈಯಿಂದ ಅದಕ್ಕೆ ಕಾರ್ಮಿಕನ ಸಂಬಳದಿಂದ ನೂರಕ್ಕೆ 0.75, ಮಾಲೀಕನಿಂದ 3.25 ಕಟ್ಟಿಸುತ್ತಾರೆ. ರೈತನ ಪಾಲಿನ 3.25 ಕಟ್ಟುವ ಧಣಿ ಯಾರು? ಅವನ ರಾಗಿ ತಿನ್ನುವವರೆ? ಕೊಳ್ಳುವ ಸರ್ಕಾರವೆ? ನೌಕರನಿಗೆ ಸಿಗಬಾರದು ಅಂತ ನಾನು ಹೇಳ್ತಿಲ್ಲ, ನಾನೂ ನೌಕರನೇ ಆಗಿದ್ದವನು, ಪಿಂಚಣಿ ತಿನ್ನುತ್ತಿದ್ದೇನೆ. ಒಂದೇ ರಕ್ತ, ಒಂದೇ ಯಂತ್ರ. ಒಬ್ಬನಿಗೆ ಅದು ಹಕ್ಕು, ಇನ್ನೊಬ್ಬನಿಗೆ ಕೈಸಾಲ. ಅದನ್ನು ಮಾತ್ರ ತೋರಿಸ್ತಿದ್ದೇನೆ.

ಬೆಂಬಲ ಬೆಲೆ ಲೆಕ್ಕ ಹಾಕುವವರ ಕಾಗದವನ್ನೂ ನೋಡಿದ್ದೇನೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಲೆಕ್ಕದಲ್ಲಿ ಬೀಜ, ಗೊಬ್ಬರ, ಔಷಧಿ, ಕೂಲಿ, ಮನೆಯವರ ದುಡಿಮೆಗೆ ಕೂಲಿ ದರ, ಎಲ್ಲ ಬರುತ್ತೆ. ಸ್ವಂತ ಎತ್ತಿನ ದುಡಿಮೆಗೆ ಅದರ ಸಾಕಣೆಯ ಖರ್ಚು, ಮೇವು ಹಿಂಡಿ ಸೇರಿಸಿ ಹಿಡಿಯುತ್ತಾರೆ. ಎತ್ತನ್ನು ಉಳಿಸಿಕೊಳ್ಳುವ ಖರ್ಚು ಲೆಕ್ಕದಲ್ಲಿದೆ. ಎತ್ತು ಹೂಡುವವನನ್ನು ಉಳಿಸಿಕೊಳ್ಳುವ ಖರ್ಚಿಗೆ ಅಲ್ಲಿ ಕಂಬಸಾಲೇ ಇಲ್ಲ. 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬಗಳಲ್ಲಿ ಅರ್ಧಕ್ಕೂ ಸ್ವಲ್ಪ ಹೆಚ್ಚು ಸಾಲದಲ್ಲಿವೆ, ಸರಾಸರಿ ಸಾಲ 74,121 ರೂಪಾಯಿ. ಇದರಲ್ಲಿ ಎಷ್ಟು ಬೋರ್‌ವೆಲ್ಲಿನದು, ಎಷ್ಟು ರಕ್ತದ್ದು ಅಂತ ನಮ್ಮೂರಲ್ಲೇ ಕೂತು ಬರೆದು ನೋಡಿ.

ಹೋದ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ್ದ. ಅವನ ಅಣ್ಣ ಕಂಪ್ಯೂಟರ್ ಕೆಲಸದಲ್ಲಿ ಅಮೆರಿಕದಲ್ಲಿದ್ದಾನೆ. 'ಅಲ್ಲಿ ಎಲ್ಲ ವಿಮೆಯಲ್ಲೇ ಆಗುತ್ತಂತೆ, ನಮ್ಮಲ್ಲಿ ಯಾಕಿಲ್ಲ?' ಅಂತ. ಅಲ್ಲಿ ಕಥೆ ಬೇರೆ, ಆದರೆ ಬೆಲೆ ಕಟ್ಟುವ ವಿಷಯದಲ್ಲಿ ನಮಗೆ ಅದರಿಂದ ಕಲಿಯೋದಿದೆ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ. ಅದು ಒಪ್ಪುವ ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಮುದುಕರು ಏನೂ ಕೊಡಬೇಕಾಗಿಲ್ಲ, ಲ್ಯಾಬಿಗೆ ಸರ್ಕಾರ ನೇರ ಕೊಡುತ್ತೆ. 2014ರಲ್ಲಿ ಕಾನೂನು ತಂದು, ಖಾಸಗಿ ವಿಮೆಗಳು ಲ್ಯಾಬಿಗೆ ಎಷ್ಟು ಕೊಡುತ್ತಿವೆಯೋ ನೋಡಿ ಅದರ ನಡುವಿನ ದರವನ್ನೇ ನಾವೂ ಕೊಡೋಣ ಅಂದರು. ಕೇಳೋಕೆ ನ್ಯಾಯವಾಗಿದೆ. 2016ರ ಮೊದಲ ಆರು ತಿಂಗಳ ಲೆಕ್ಕ ತರಿಸಿದರು. ಹೆಚ್ಚು ಪರೀಕ್ಷೆ ಮಾಡುವವರ ದರಕ್ಕೆ ಹೆಚ್ಚು ತೂಕ. ಲೆಕ್ಕ ಕೊಟ್ಟವರಲ್ಲಿ ರಾಶಿ ರಾಶಿ ಪರೀಕ್ಷೆ ಮಾಡಿ ಅಗ್ಗವಾಗಿ ಕೊಡಬಲ್ಲ ದೊಡ್ಡ ಕಂಪನಿಗಳದ್ದೇ ಮೇಲುಗೈ. ಆಸ್ಪತ್ರೆಗಳ ಲ್ಯಾಬುಗಳು ಆ ಲೆಕ್ಕಕ್ಕೆ ಬಂದದ್ದು ತೀರಾ ಕಡಿಮೆ. ನಡುವಿನ ದರ ಕೆಳಗಿಳಿಯಿತು. 2018ರಿಂದ ಮೂರು ವರ್ಷ, ವರ್ಷಕ್ಕೆ ಶೇ. 10ರವರೆಗೆ ಕಡಿತ. ಸಣ್ಣ ಲ್ಯಾಬುಗಳು ಬಾಯಿ ಬಡಿದುಕೊಂಡವು, ಕೋರ್ಟಿಗೂ ಹೋಯಿತು, ಆಮೇಲಿನ ಕಡಿತಗಳನ್ನು ಅವರ ಸಂಸತ್ತು ವರ್ಷ ವರ್ಷ ಮುಂದೂಡುತ್ತಾ ಬಂತು.

ನಾನು ಇದನ್ನು ಯಾಕೆ ಹೇಳಿದೆ? ಯಾರನ್ನು ತೂಕಕ್ಕೆ ಹಾಕುತ್ತಾರೋ ಅವರ ಬೆಲೆಯೇ ಎಲ್ಲರ ಬೆಲೆ ಆಗುತ್ತೆ. ನಾಳೆ ನಮ್ಮಲ್ಲಿ ಯಾರೋ ದರ ಕಟ್ಟೋಕೆ ಕೂತರೂ ಪಟ್ಟಣದ ನಾಲ್ಕು ದೊಡ್ಡ ಲ್ಯಾಬಿನ ದರ ನೋಡಿ ಕಟ್ಟಿದರೆ ನಮ್ಮ ಹೋಬಳಿಯ ಒಂದು ಕೋಣೆಯ ಲ್ಯಾಬು ಮುಚ್ಚುತ್ತೆ. ಆಮೇಲೆ ಅಗ್ಗದ ಪರೀಕ್ಷೆಗೆ ಅರವತ್ತು ಕಿಲೋಮೀಟರು ಬಸ್ಸು. ಬರೀ ದರ ಇಳಿಸಿ ಅಂತ ಕೂಗಿದರೆ ಸಾಲದು.

ಆದರೂ ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತೆ ಅನ್ನೋದನ್ನು ಕೊರೋನಾದಲ್ಲಿ ನೋಡಿದ್ದೇವೆ. ಅದು ರಕ್ತದ್ದಲ್ಲ, ಮೂಗಿನ ಕಡ್ಡಿಯದು. 2020ರ ಮಾರ್ಚಿಯಲ್ಲಿ ಖಾಸಗಿ ಲ್ಯಾಬಿಗೆ ಗರಿಷ್ಠ 4,500 ಅಂತ ಇದ್ದದ್ದು ವರ್ಷ ಮುಗಿಯುವುದರೊಳಗೆ ನಮ್ಮ ರಾಜ್ಯದಲ್ಲಿ ಸಾವಿರದ ಒಳಗೆ ಬಂತು. ಅದಕ್ಕೂ ಮುಂಚೆ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾನೂನಿಗೆ ತಿದ್ದುಪಡಿ ತಂದು ದರ ಕಟ್ಟುತ್ತೇವೆ ಅಂದಾಗ ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಮಾಡಿದರು. ಕೊನೆಗೆ ಸರ್ಕಾರಿ ಯೋಜನೆಯಡಿ ಮಾಡುವ ಚಿಕಿತ್ಸೆಗೆ ಮಾತ್ರ ದರ ಅಂತಾಯಿತು. ಆ ಕಾನೂನಿನಲ್ಲಿ ಉಳಿದಿರುವ ಒಂದು ಒಳ್ಳೆಯ ಮಾತು: ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಮ್ಮ ಪೇಟೆಯ ಲ್ಯಾಬುಗಳಲ್ಲಿ ಎಷ್ಟರಲ್ಲಿ ಹಾಕಿದ್ದಾರೆ, ಹೋಗಿ ನೋಡಿ ಬನ್ನಿ.

'ಅದೆಲ್ಲ ಸರಿ, ಈಗ ನಾವೇನು ಮಾಡಬೇಕು ಹೇಳ್ರಪ್ಪ' ಅಂತ ಅಜ್ಜ ಕೇಳ್ತಿದ್ದಾರೆ. ಸರಿಯಾದ ಪ್ರಶ್ನೆ.

ನನ್ನ ಅಭಿಪ್ರಾಯದಲ್ಲಿ ಸೂಜಿಯನ್ನು ವಿಮೆಗೆ ಸೇರಿಸಿ ಅಂತ ಕೇಳುವುದಕ್ಕಿಂತ ಮೊದಲು, ಆಗಲೇ ಕಾಗದದ ಮೇಲೆ ಕೊಟ್ಟಿರುವುದನ್ನು ವಸೂಲು ಮಾಡಬೇಕು. 2015ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಉಚಿತ ಪ್ರಯೋಗಶಾಲಾ ಸೇವೆಯ ಮಾರ್ಗಸೂಚಿ ತಂದಿತು. ಅದನ್ನು ಬೆಳೆಸಿ ಆಮೇಲೆ ಪಟ್ಟಿ ಮಾಡಿದರು: ಉಪಕೇಂದ್ರದಲ್ಲಿ 14 ಪರೀಕ್ಷೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಸಮುದಾಯ ಕೇಂದ್ರದಲ್ಲಿ 97, ಜಿಲ್ಲಾಸ್ಪತ್ರೆಯಲ್ಲಿ 134. ಅರವತ್ತಮೂರು! ನಮ್ಮ ಪಿಎಚ್‌ಸಿಯಲ್ಲಿ ಎಷ್ಟು ನಡೀತಿದೆ? ಇಲ್ಲಿ ಆಶಾ ತಾಯಿ ಕೂತಿದ್ದಾರೆ, ಅವರು ನಗ್ತಿದ್ದಾರೆ. ಇದಕ್ಕೆ ಕಾರ್ಡು ಬೇಡ, ದಾಖಲಾತಿ ಬೇಡ, ಮೂರು ದಿನದ ಗೆರೆ ಇಲ್ಲ. ತೆಲಂಗಾಣದವರು 2018ರಲ್ಲಿ ಒಂದು ದಾರಿ ಹಿಡಿದರು. ಪಿಎಚ್‌ಸಿಯಲ್ಲಿ ರಕ್ತ ತೆಗೆದು, ಗಾಡಿಯಲ್ಲಿ ಒಂದು ದೊಡ್ಡ ಸರ್ಕಾರಿ ಲ್ಯಾಬಿಗೆ ಒಯ್ದು, ರಿಪೋರ್ಟನ್ನು ವಾಪಸು ಕಳಿಸೋದು. ಮೊದಲು ಹೈದರಾಬಾದಿನಲ್ಲಿ, ಆಮೇಲೆ ಜಿಲ್ಲೆಗಳಲ್ಲಿ. ಹಾಲಿನ ಕ್ಯಾನು ದಿನಕ್ಕೆ ಎರಡು ಸಾರಿ ಊರೂರಿಂದ ಡೇರಿಗೆ ಹೋಗೋದು ನಮಗೆ ಗೊತ್ತಿದೆ, ರಕ್ತದ ಟ್ಯೂಬು ಹೋಗೋಕೆ ಏನು ಕಷ್ಟ? ನಮ್ಮ ಸರ್ಕಾರವೂ 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಅಂತ ಶುರು ಮಾಡಿ ಮನೆಬಾಗಿಲಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿಸುತ್ತಿದೆ. ಬೆರಳು ಚುಚ್ಚಿ ನೋಡೋದು ಮೊದಲ ಹೆಜ್ಜೆ. ಬೆರಳಲ್ಲಿ ಸಕ್ಕರೆ ಸಿಕ್ಕಿದವನಿಗೆ ಕ್ರಿಯಾಟಿನಿನ್ ಎಲ್ಲಿ ಮಾಡಿಸ್ತೀರಿ ಅಂತ ಕೇಳಬೇಕು.

ಎರಡನೇದು, ಮಂಚದ ಮುಂಚಿನ ದಿನಗಳ ಗೆರೆ. ಮೂರು ದಿನ ಅನ್ನೋದು ಅನುಮತಿ ಸಿಗುವ ರೀತಿಗೆ ಹೊಂದೋದಿಲ್ಲ. ಅನುಮತಿಗೆ ನೀವೇ ಕೇಳುವ ಪರೀಕ್ಷೆಯನ್ನು, ದಾಖಲಾತಿ ಎಂದಾದರೂ ಆಗಲಿ, ಆಗದೆಯೇ ಹೋಗಲಿ, ಪ್ಯಾಕೇಜಿನ ಲೆಕ್ಕಕ್ಕೆ ತಗೊಳ್ಳಿ ಅಂತ ಒಂದು ಅರ್ಜಿ ಬರೆದು ತಂದಿದ್ದೇನೆ. ಸಹಕಾರ ಸಂಘಗಳ ಮೂಲಕ ಯಶಸ್ವಿನಿಗೂ ಇದನ್ನೇ ಕೇಳಬಹುದು, ಅದರ ವಂತಿಗೆ ಕಟ್ಟುವವರು ನಾವೇ. ಹಳೇ ಯಶಸ್ವಿನಿಯಲ್ಲಿ ಪರೀಕ್ಷೆಗೆ ರಿಯಾಯಿತಿ ಇತ್ತು ಅನ್ನೋದನ್ನು ಅದರಲ್ಲಿ ಬರೆಯೋಣ. ಹೊಸದಾಗಿ ಏನೂ ಕೇಳ್ತಿಲ್ಲ ಅಂತ ಅವರಿಗೂ ಗೊತ್ತಾಗಲಿ.

ಅರ್ಜಿಗೆ ಬಲ ಬೇಕಾದರೆ ಕಾಗದ ಬೇಕು. ಹಾಗಾಗಿ ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದಲ್ಲಿ ಯಾರ ಮನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೀರೋ ಅವರು ಬಿಲ್ಲು ಹುಡುಕಿ. ಬಿಲ್ಲು ಕೊಡದೆ ಬರೀ ರಿಪೋರ್ಟು ಕೊಟ್ಟಿದ್ದರೆ ರಿಪೋರ್ಟನ್ನೇ ತನ್ನಿ, ತಾರೀಖು ಅದರಲ್ಲಿರುತ್ತೆ. ಯಾವತ್ತು ರಕ್ತ ಕೊಟ್ಟಿರಿ, ಯಾವತ್ತು ದಾಖಲಾದಿರಿ, ಎಷ್ಟು ಕೊಟ್ಟಿರಿ, ಆ ಹಣ ಎಲ್ಲಿಂದ ತಂದಿರಿ, ಬಡ್ಡಿ ಎಷ್ಟು. ಐದೇ ಕಲಂ. ಬರೆಯೋಕೆ ಬರದವರಿಗೆ ಹುಡುಗರು ಬರೆದುಕೊಡ್ತಾರೆ. ನಮ್ಮ ಅಕ್ಕನ ಬಿಲ್ಲು ಎರಡನ್ನೂ ನಾನು ತಂದಿದ್ದೇನೆ, ಮೇಜಿನ ಮೇಲೆ ಇಡ್ತೀನಿ. ಮುಂದಿನ ತಿಂಗಳ ಎರಡನೇ ಭಾನುವಾರ ಇದೇ ಜಾಗದಲ್ಲಿ ಕೂಡೋಣ. ಸಕ್ಕರೆ ಪರೀಕ್ಷೆ ಮಾಡಿಸದೆ ವರ್ಷವಾದವರು ಅವತ್ತು ತಿಂಡಿ ತಿನ್ನದೆ ಬನ್ನಿ. ಪಿಎಚ್‌ಸಿಯ ಡಾಕ್ಟರಮ್ಮನ ಹತ್ತಿರ ಮಾತಾಡಿದ್ದೇನೆ, ಟ್ಯೂಬು ಅವರು ಕೊಡ್ತಾರೆ, ಸೂಜಿ ನಾನು ಹಿಡೀತೀನಿ.